ಶಿವಮೊಗ್ಗಕ್ಕೆ ಒಂದೇ ಗಂಟೆ, ವಿಜಯನಗರದವರಿಗೆ ಆರು!

ವಿಜಯನಗರ: "ಒಂದೇ ಗಂಟೆ ಕಣ್ರೀ, ಇಲ್ಲಿ ಕಾಫಿ ಕುಡಿದು ಹೊರಟ್ರೆ ಶಿವಮೊಗ್ಗದಲ್ಲಿ ಮುಹೂರ್ತದ ಹೊತ್ತಿಗೆ ಹಾಜರ್!"

ವಿಮಾನದ ಪ್ರಸ್ತಾಪ ಬಂದರೆ ಅಂಗಡಿ ಕಟ್ಟೆಯ ಮೇಲೆ ಹೀಗೆ ಹೇಳುವವರು ಒಬ್ಬರಾದರೂ ಇದ್ದೇ ಇರ್ತಾರೆ. ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಆ ಒಂದು ಗಂಟೆ ಶುರುವಾಗೋದು ದೇವನಹಳ್ಳೀಲಿ, ಮಾರೇನಹಳ್ಳೀಲಲ್ಲ!

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ರಂದು, ಯಡಿಯೂರಪ್ಪನವರ 80ನೇ ಹುಟ್ಟುಹಬ್ಬದ ದಿನ. ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಹಾರಿದ್ದು ಅದೇ ವರ್ಷ ಆಗಸ್ಟ್ 31ಕ್ಕೆ. ಬೆಳಿಗ್ಗೆ 9.50ಕ್ಕೆ ಬಿಟ್ಟು 11.05ಕ್ಕೆ ಸೇರುವ ವೇಳಾಪಟ್ಟಿ.

ಎರಡು ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 238 ಕಿ.ಮೀ. ಈ ಮಾರ್ಗಕ್ಕೆ ಬಂದ ಎಟಿಆರ್ ರೆಕ್ಕೆಯಲ್ಲಿ ಪಂಖ ತಿರುಗುವ ಸಣ್ಣ ವಿಮಾನ, ಗಂಟೆಗೆ ಸುಮಾರು 500 ಕಿ.ಮೀ. ಓಡುತ್ತೆ. ಲೆಕ್ಕಕ್ಕೆ ಅರ್ಧ ಗಂಟೆ ಸಾಕು. ಉಳಿದದ್ದೆಲ್ಲಿ ಹೋಯ್ತು? ಟಿಕೆಟ್ಟಿನ ಹೊತ್ತು ಎಣಿಸೋದು ವಿಮಾನ ನಿಂತ ಜಾಗದಿಂದ ಕದಲಿದಾಗಿನಿಂದ, ಅಲ್ಲಿ ಹೋಗಿ ನಿಲ್ಲೋವರೆಗೆ. ನೆಲದ ಮೇಲಿನ ಓಡಾಟ, ಸರದಿ, ಏರೋದು, ಇಳಿಯೋದು ಎಲ್ಲಾ ಅದರಲ್ಲೇ ಬಂತು.

ಇನ್ನು ನಮ್ಮ ಬಡಾವಣೆಯ ತಮಾಷೆ ನೋಡಿ. ವಿಜಯನಗರದಿಂದ ಸೋಗಾನೆಗೆ ನೇರ ಗೆರೆಯಲ್ಲಿ ಸುಮಾರು 230 ಕಿ.ಮೀ. ಅಂದರೆ ಕಾರ್ಡ್ ರೋಡು, ಗೊರಗುಂಟೆಪಾಳ್ಯ, ಹೆಬ್ಬಾಳ ದಾಟಿ 40 ಕಿ.ಮೀ. ಹೋಗಿ ವಿಮಾನ ಹತ್ತುವ ಹೊತ್ತಿಗೆ ಶಿವಮೊಗ್ಗ 8 ಕಿ.ಮೀ. ದೂರವೇ ಆಗಿರುತ್ತೆ! ಊರಿರೋದು ವಾಯವ್ಯಕ್ಕೆ, ನಾವು ಹೋದದ್ದು ಈಶಾನ್ಯಕ್ಕೆ.

9.50ರ ವಿಮಾನಕ್ಕೆ 8ಕ್ಕಾದರೂ ನಿಲ್ದಾಣದಲ್ಲಿರಬೇಕು. ಹೆಬ್ಬಾಳವನ್ನು ನಂಬೋ ಹಾಗಿಲ್ಲವಾದ್ದರಿಂದ ಮನೆ ಬಿಡೋದು ಆರೂಕಾಲಿಗೆ. ಸೋಗಾನೆಯಲ್ಲಿಳಿದು ಪೇಟೆ ಮುಟ್ಟುವಾಗ ಹನ್ನೆರಡು. ಹತ್ತಿರ ಹತ್ತಿರ ಆರು ಗಂಟೆ! ಯಶವಂತಪುರದಲ್ಲಿ ವೇಗದ ರೈಲು ಹತ್ತಿದವರು ಅರಸೀಕೆರೆ, ಬೀರೂರು, ಭದ್ರಾವತಿ ದಾಟಿ ನಾಲ್ಕೂವರೆ–ಐದು ಗಂಟೆಯಲ್ಲಿ ಊರಲ್ಲಿರ್ತಾರೆ, ಅದೂ ಕಡಿಮೆ ದುಡ್ಡಿಗೆ.

ಮದುವೆಯಾದರೆ ತಡವಾದರೂ ಊಟ ಸಿಕ್ಕೀತು. ಬೆಳಗಿನ ಜಾವ ಫೋನು ಬಂದು, ಊರಲ್ಲಿ ಹಿರಿಯರು ಹೋದರು ಅಂತ ಗೊತ್ತಾದಾಗ? ಗಾಬರಿಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ವಿಮಾನ ಹಿಡಿಯೋ ಮುಂಚೆ ಈ ಲೆಕ್ಕ ನೆನಪಿರಲಿ. ಅವರು ಮಣ್ಣಿಗಾಗಿ ಕಾಯ್ತಾ ಕೂತಿರ್ತಾರೆ. ಮಲೆನಾಡಿನ ಮಂಜು ಕವಿದರಂತೂ ವಿಮಾನ ಇಳಿಯೋದೇ ಅನುಮಾನ. ಯಲಹಂಕದವರಿಗೆ ಮಾತ್ರ ಲೆಕ್ಕವೇ ಬೇರೆ. ದಿಲ್ಲಿ, ಮುಂಬೈಯಿಂದ ಬಂದು ವಿಮಾನ ಬದಲಿಸುವವರಿಗೂ ಇದು ಲಾಭವೇ.

2008ರ ಮೇವರೆಗೆ ಎಚ್‌ಎಎಲ್ ನಿಲ್ದಾಣವಿದ್ದಾಗ ನಮಗೆ ರಸ್ತೆ ಇದರ ಅರ್ಧದಷ್ಟಿತ್ತು. ಎರಡನೇ ನಿಲ್ದಾಣಕ್ಕೆ ಸರ್ಕಾರ ಗುರುತಿಸಿ 2025ರಲ್ಲಿ ಕೇಂದ್ರದ ತಂಡಕ್ಕೆ ತೋರಿಸಿದ ಮೂರು ಜಾಗಗಳಲ್ಲಿ ಎರಡು ಕನಕಪುರ ರಸ್ತೆಯ ಕಡೆ, ಒಂದು ನೆಲಮಂಗಲ–ಕುಣಿಗಲ್ ರಸ್ತೆಯ ಕಡೆ. ಕುಣಿಗಲ್ ಕಡೆಯಾದರೆ ಪಶ್ಚಿಮದವರಿಗೆ ಅನುಕೂಲ. ಆದರೆ ದೇವನಹಳ್ಳಿ ಒಪ್ಪಂದದಂತೆ 150 ಕಿ.ಮೀ. ಒಳಗೆ, ಮೈಸೂರು ಹಾಸನ ಬಿಟ್ಟರೆ, 2033ರವರೆಗೆ ಇನ್ನೊಂದು ನಿಲ್ದಾಣ ತೆರೆಯುವಂತಿಲ್ಲ.

ಅಲ್ಲೀತನಕ ಯಶವಂತಪುರವೇ ಹತ್ತಿರ.