ಕಣ್ಣಿನಿಂದ ಬರವಣಿಗೆ

ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನಮ್ಮ ಮನೆಗೆ ಸಮೀಪದಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದರು. ನರಗಳ ರೋಗವೊಂದು ಮೊದಲು ಅವರ ಕೈಕಾಲುಗಳ ಬಲವನ್ನೂ, ಆಮೇಲೆ ನಾಲಗೆಯ ಬಲವನ್ನೂ ಕಸಿದುಕೊಂಡಿತು. ಬುದ್ಧಿ ಮಾತ್ರ ಮೊದಲಿನಂತೆಯೇ ಚುರುಕಾಗಿತ್ತು. ನಾನು ಕಾಣಲು ಹೋದ ಸಂಜೆ ಅವರ ಮಗಳು ಮಂಚದ ಪಕ್ಕದಲ್ಲಿ ಕುಳಿತು ವರ್ಣಮಾಲೆಯನ್ನು ಒಂದೊಂದೇ ಅಕ್ಷರವಾಗಿ ಹೇಳುತ್ತಿದ್ದಳು. ಬೇಕಾದ ಅಕ್ಷರ ಬಂದಾಗ ತಂದೆ ರೆಪ್ಪೆ ಮುಚ್ಚಬೇಕೆಂಬುದು ಸಂಕೇತ. ಆದರೆ ಅಷ್ಟರೊಳಗೆ ರೆಪ್ಪೆ ತಾನಾಗಿಯೇ ಬಡಿಯುತ್ತಿತ್ತು. ಮತ್ತೆ ಮೊದಲಿನಿಂದ ಆರಂಭ. “ಸರ, ಅಪ್ಪಗ ಏನೋ ಹೇಳೋದದ, ನಮಗ ತಿಳೀವಲ್ದು” ಎಂದಳು.

ಮಾತನಾಡಲೂ ಬರೆಯಲೂ ಆಗದವನು ತನ್ನ ಮನಸ್ಸನ್ನು ತಿಳಿಸುವುದು ಹೇಗೆ? ಈ ಪ್ರಶ್ನೆಗೆ ವಿಜ್ಞಾನವು ಕೊಟ್ಟಿರುವ ಉತ್ತರಗಳಲ್ಲಿ ಒಂದು, ಕಣ್ಣಿನ ನೋಟದಿಂದಲೇ ಬೆರಳಚ್ಚು ಮಾಡುವ ಉಪಕರಣ. ಅದರ ತತ್ತ್ವವನ್ನು ಇಲ್ಲಿ ವಿಚಾರಮಾಡೋಣ.

ಕೈಕಾಲುಗಳು ಸೋತಮೇಲೂ ಕಣ್ಣು ಏಕೆ ಚಲಿಸುತ್ತದೆ? ಕೈಕಾಲುಗಳಿಗೆ ಹೋಗುವ ಆಜ್ಞೆಗಳು ಮೆದುಳಿನಿಂದ ಬೆನ್ನುಹುರಿಯ ಮೂಲಕ ಇಳಿಯಬೇಕು. ಕಣ್ಣುಗುಡ್ಡೆಯನ್ನು ತಿರುಗಿಸುವ ಆರು ಸ್ನಾಯುಗಳಿಗಾದರೋ ಮೆದುಳಿನ ಕಾಂಡದಿಂದಲೇ ಹೊರಡುವ ಮೂರು, ನಾಲ್ಕು ಮತ್ತು ಆರನೆಯ ಕಪಾಲ ನರಗಳು ನೇರವಾಗಿ ಬರುತ್ತವೆ. ಬೆನ್ನುಹುರಿಗೆ ಪೆಟ್ಟಾದರೆ ಇವಕ್ಕೆ ಬಾಧೆಯಿಲ್ಲ. ಚಾಲಕ ನರಕೋಶಗಳನ್ನು ನಾಶಮಾಡುವ ಎ.ಎಲ್.ಎಸ್. ಎಂಬ ರೋಗದಲ್ಲಿಯೂ ಕಣ್ಣಿನ ನರಕೋಶಗಳು ಸಾಮಾನ್ಯವಾಗಿ ಬಹುಕಾಲ ಉಳಿದುಕೊಳ್ಳುತ್ತವೆ. ಮೆದುಳಿನ ಕಾಂಡದ ಮಧ್ಯಭಾಗಕ್ಕೆ ರಕ್ತ ತಪ್ಪಿ ದೇಹವೆಲ್ಲ ನಿಶ್ಚಲವಾದಾಗಲೂ, ಕಣ್ಣನ್ನು ಮೇಲೆ ಕೆಳಗೆ ಆಡಿಸುವ ಕೇಂದ್ರ ಇನ್ನೂ ಮೇಲಿರುವುದರಿಂದ ಅನೇಕ ವೇಳೆ ಉಳಿಯುತ್ತದೆ. ಫ್ರಾನ್ಸಿನ ಪತ್ರಿಕಾ ಸಂಪಾದಕ ಝಾನ್ ದೊಮಿನಿಕ್ ಬೋಬಿ 1995ರಲ್ಲಿ ಇಂಥ ಸ್ಥಿತಿಗೆ ಬಂದರು. ಅವರು ಎಡಗಣ್ಣಿನ ರೆಪ್ಪೆಯ ಮಿಟುಕಿನಿಂದಲೇ ಅಕ್ಷರಗಳನ್ನು ಸೂಚಿಸಿ ಒಂದು ಪುಸ್ತಕವನ್ನೇ ಬರೆಯಿಸಿದರು; ಅದು 1997ರಲ್ಲಿ ಪ್ರಕಟವಾಯಿತು. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗರೂ ಕಣ್ಣಿನಿಂದಲೇ ಬರೆಯುತ್ತಿದ್ದರೆಂದು ಅನೇಕ ವಿದ್ಯಾರ್ಥಿಗಳು ತಿಳಿದಿದ್ದಾರೆ. ಅದು ಸರಿಯಲ್ಲ. ಅವರ ಕೊನೆಯ ವರ್ಷಗಳಲ್ಲಿ ಕನ್ನಡಕಕ್ಕೆ ಜೋಡಿಸಿದ ಒಂದು ಸಾಧನ ಕೆನ್ನೆಯ ಸ್ನಾಯುವಿನ ಮಿಡುಕನ್ನು ಗುರುತಿಸುತ್ತಿತ್ತು.

ಇನ್ನು ಯಂತ್ರದ ವಿಷಯ. ಒಬ್ಬನು ಎತ್ತ ನೋಡುತ್ತಿದ್ದಾನೆಂಬುದು ಯಂತ್ರಕ್ಕೆ ಹೇಗೆ ತಿಳಿಯಬೇಕು? ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ, ಅಂದರೆ ಕಾರ್ನಿಯ, ಸುಮಾರು 7.8 ಮಿಲಿಮೀಟರ್ ವಕ್ರತಾ ತ್ರಿಜ್ಯವುಳ್ಳ ಒಂದು ಪುಟ್ಟ ಪೀನ ದರ್ಪಣದಂತೆ ವರ್ತಿಸುತ್ತದೆ. ಎದುರಿಗೆ ದೀಪವಿದ್ದರೆ ಅದರ ಚಿಕ್ಕ ಪ್ರತಿಬಿಂಬ ಅಲ್ಲಿ ಮಿನುಗುತ್ತದೆ. ಗೆಳೆಯನ ಕಣ್ಣಿನಲ್ಲಿ ಕಿಟಕಿಯ ಬಿಂಬವನ್ನು ನೀವು ಕಂಡಿರಬಹುದು, ಇದೂ ಅದೇ. ಯಂತ್ರದಲ್ಲಿ ಕಣ್ಣು ಕುಕ್ಕಬಾರದೆಂದು, ಸುಮಾರು 850 ನ್ಯಾನೋಮೀಟರ್ ತರಂಗದೂರದ, ಬಹುಮಟ್ಟಿಗೆ ಕಾಣದ ಅವಗೆಂಪು ಬೆಳಕನ್ನು ಉಪಯೋಗಿಸುತ್ತಾರೆ. ಕ್ಯಾಮರಾ ಈ ಮಿನುಗನ್ನೂ ಕಣ್ಣಿನ ಪಾಪೆಯನ್ನೂ ಒಟ್ಟಿಗೆ ಚಿತ್ರಿಸುತ್ತದೆ.

ಗೋಳಾಕಾರದ ದರ್ಪಣವನ್ನು ಅದರ ಕೇಂದ್ರದ ಸುತ್ತ ತಿರುಗಿಸಿದರೆ ಬಿಂಬ ಕದಲುವುದಿಲ್ಲ. ಕಣ್ಣು ತಿರುಗುವುದು ಕಾರ್ನಿಯದ ಕೇಂದ್ರದ ಸುತ್ತಲೇ ಅಲ್ಲದಿದ್ದರೂ, ಪಾಪೆ ಸರಿಯುವಷ್ಟು ಮಿನುಗು ಸರಿಯುವುದಿಲ್ಲ. ಆದ್ದರಿಂದ ಇವೆರಡರ ನಡುವಿನ ಅಂತರ ನೋಟದೊಡನೆ ಬದಲಾಗುತ್ತದೆ. ಪಾಪೆಗೂ ಕಾರ್ನಿಯದ ವಕ್ರತಾ ಕೇಂದ್ರಕ್ಕೂ ಸುಮಾರು 4.5 ಮಿಲಿಮೀಟರ್ ದೂರವಿದೆ. ಒಂದು ಡಿಗ್ರಿ ಕೋನವೆಂದರೆ 0.0175 ರೇಡಿಯನ್. ಇವೆರಡನ್ನೂ ಗುಣಿಸಿದರೆ ಸುಮಾರು 0.08 ಮಿಲಿಮೀಟರ್ ಬರುತ್ತದೆ. ನೋಟ ಒಂದು ಡಿಗ್ರಿ ತಿರುಗಿದಾಗ ಕ್ಯಾಮರಾ ಗುರುತಿಸಬೇಕಾದ ಬದಲಾವಣೆ ಇಷ್ಟೇ, ಒಂದು ತಲೆಗೂದಲಿನ ದಪ್ಪದಷ್ಟು! ಆರಂಭದಲ್ಲಿ ಪರದೆಯ ಕೆಲವು ಗೊತ್ತಾದ ಬಿಂದುಗಳನ್ನು ನೋಡಿಸಿ, ಆಯಾ ಅಂತರಗಳನ್ನು ಗಣಕಯಂತ್ರ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ನೋಟಗಳನ್ನು ಅವುಗಳೊಡನೆ ಹೋಲಿಸಿ ಲೆಕ್ಕಹಾಕುತ್ತದೆ.

ಎಷ್ಟು ಒಳ್ಳೆಯ ಯಂತ್ರವಾದರೂ ನಿಖರತೆಗೆ ಒಂದು ಮಿತಿಯುಂಟು, ಏಕೆಂದರೆ ಅಕ್ಷಿಪಟಲದಲ್ಲಿ ಸೂಕ್ಷ್ಮವಾಗಿ ಕಾಣುವ ತಾಣವೇ ಒಂದೆರಡು ಡಿಗ್ರಿಗಳಷ್ಟು ವಿಸ್ತಾರವಾಗಿದೆ. 60 ಸೆಂಟಿಮೀಟರ್ ದೂರದ ಪರದೆಯಲ್ಲಿ ಒಂದು ಡಿಗ್ರಿಗೆ ಸುಮಾರು ಒಂದು ಸೆಂಟಿಮೀಟರ್ ಹೊಂದುತ್ತದೆ. ಆದುದರಿಂದ ಪರದೆಯ ಮೇಲಿನ ಅಕ್ಷರದ ಮನೆಗಳು ಒಂದೆರಡು ಸೆಂಟಿಮೀಟರಿಗಿಂತ ಚಿಕ್ಕದಾಗಿರಬಾರದು.

ಇನ್ನೊಂದು ತೊಡಕೂ ಇದೆ. ಬೆರಳು ಮುಟ್ಟುವುದು ಒತ್ತಬೇಕೆಂದಾಗ ಮಾತ್ರ; ಕಣ್ಣಾದರೋ ಸದಾ ಏನನ್ನಾದರೂ ನೋಡುತ್ತಲೇ ಇರುತ್ತದೆ. ನೋಡಿದ್ದೆಲ್ಲ ಅಚ್ಚಾಗುತ್ತ ಹೋದರೆ ಏನು ಗತಿ? ಮುಟ್ಟಿದ್ದೆಲ್ಲ ಚಿನ್ನವಾಗಿ ಉಣ್ಣಲೂ ಆಗದೆ ಹೋದ ಮೈದಾಸ್ ರಾಜನ ಕಥೆಯನ್ನು ನೆನೆದು ವಿಜ್ಞಾನಿಗಳು ಇದನ್ನು ಮೈದಾಸನ ಸ್ಪರ್ಶವೆಂದೇ ಕರೆದಿದ್ದಾರೆ. ಸಾಮಾನ್ಯವಾಗಿ ಓದುವಾಗ ನಮ್ಮ ನೋಟ ಒಂದೆಡೆ ಕಾಲು ಸೆಕೆಂಡಿನಷ್ಟು ನಿಂತು ಮುಂದಕ್ಕೆ ನೆಗೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಅರ್ಧದಿಂದ ಒಂದು ಸೆಕೆಂಡಿನವರೆಗೆ, ಒಂದೇ ಅಕ್ಷರದ ಮೇಲೆ ನಿಂತರೆ ಮಾತ್ರ ಅದು ಆಯ್ಕೆಯಾಯಿತೆಂದು ಯಂತ್ರ ಭಾವಿಸುತ್ತದೆ. ಇದರಿಂದ ತಪ್ಪು ಕಡಿಮೆಯಾಗುತ್ತದೆ, ವೇಗವೂ ಕಡಿಮೆಯಾಗುತ್ತದೆ. ನಾಲಗೆಯಿಂದ ನಿಮಿಷಕ್ಕೆ ನೂರಕ್ಕೂ ಹೆಚ್ಚು ಪದಗಳನ್ನು ಆಡುವೆವು. ಕಣ್ಣಿನಿಂದ ಹತ್ತು ಪದಗಳಾದರೆ ಅದೇ ಒಳ್ಳೆಯ ವೇಗ.

ನಮ್ಮ ನಾಡಿನಲ್ಲಿ ಈ ಕುರಿತು ಸಂಶೋಧನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ತ ಬಿಶ್ವಾಸರೂ ಅವರ ಸಂಗಡಿಗರೂ ಚೆನ್ನೈಯ ವಿದ್ಯಾಸಾಗರ ಎಂಬ ಸಂಸ್ಥೆಯ ವಿದ್ಯಾರ್ಥಿಗಳೊಡನೆ ಕೆಲಸ ಮಾಡಿದ್ದಾರೆ. ಮಾತೂ ಚಲನೆಯೂ ತೀರ ಕುಂಠಿತವಾದ ಈ ಮಕ್ಕಳಲ್ಲಿ ಕೆಲವರಿಗೆ ನೋಟವನ್ನು ಒಂದೆಡೆ ನಿಲ್ಲಿಸುವುದೇ ಕಷ್ಟ. ಆದ್ದರಿಂದ ಮಗುವನ್ನು ಯಂತ್ರಕ್ಕೆ ಹೊಂದಿಸುವ ಬದಲು ಪರದೆಯ ಏರ್ಪಾಡನ್ನೇ ಮಗುವಿನ ನೋಟಕ್ಕೆ ಹೊಂದಿಸಬೇಕಾಗುತ್ತದೆ. ನೋಟದಿಂದ ನಡೆಸಬಹುದಾದ ಯಂತ್ರದ ತೋಳೊಂದನ್ನು ಕುರಿತ ಅವರ ಪ್ರಬಂಧ 2020ರಲ್ಲಿ ಪ್ರಕಟವಾಯಿತು. ಪ್ರತ್ಯೇಕ ಉಪಕರಣ ದುಬಾರಿಯಾದರೂ, 2024ರಲ್ಲಿ ಆಪಲ್ ಸಂಸ್ಥೆ ಫೋನಿನ ಮುಂಗಡೆಯ ಕ್ಯಾಮರಾದಿಂದಲೇ ನೋಟವನ್ನು ಗುರುತಿಸುವ ಸೌಲಭ್ಯವನ್ನು ಸೇರಿಸಿತು.

ಕನ್ನಡಕ್ಕೆ ಬಂದಾಗ ಒಂದು ವಿಶೇಷವನ್ನು ಗಮನಿಸಬೇಕು. ಇಂಗ್ಲಿಷಿನ 26 ಅಕ್ಷರಗಳ ಎದುರಿಗೆ ನಮ್ಮಲ್ಲಿ 49 ಇವೆ. ಗುಣಿತ, ಒತ್ತಕ್ಷರಗಳು ಬೇರೆ. ಇದು ಹೊರೆಯೆಂದು ತೋರಬಹುದು. ಆದರೆ ನಮ್ಮ ಹಿರಿಯರು ಅಕ್ಷರಗಳನ್ನು ಗೊತ್ತುಗುರಿಯಿಲ್ಲದೆ ಜೋಡಿಸಲಿಲ್ಲ. ಉಚ್ಚಾರಣೆಯ ಸ್ಥಾನವನ್ನು ನೋಡಿ, ಕಂಠದಿಂದ ತುಟಿಯವರೆಗೆ, ಐದು ವರ್ಗಗಳಲ್ಲಿ ಐದೈದಾಗಿ ಇಟ್ಟರು. ಈ 25 ಅಕ್ಷರಗಳನ್ನು ಸಾಲಾಗಿ ಹೇಳುತ್ತ ಹೋದರೆ ಬೇಕಾದ ಅಕ್ಷರ ಬರಲು ಸರಾಸರಿ 13 ಹೆಜ್ಜೆ. ಮೊದಲು ವರ್ಗವನ್ನೂ ಆಮೇಲೆ ಅಕ್ಷರವನ್ನೂ ಕೇಳಿದರೆ ಸರಾಸರಿ 3 ಮತ್ತು 3, ಒಟ್ಟು 6. ನೋಟದಿಂದ ತೋರಿಸುವುದಾದರೆ ಎರಡೇ! ಬಾಯಿಯ ರಚನೆಯನ್ನು ನೋಡಿ ಮಾಡಿದ ಜೋಡಣೆ ಬಾಯಿ ಕೆಲಸಮಾಡದವರಿಗೆ ಹೀಗೆ ನೆರವಾಗುತ್ತದೆ.

ಈ ಲೆಕ್ಕವನ್ನು ಮುಂದಿಟ್ಟುಕೊಂಡು, ಕಮಲಾಪುರದಿಂದ ಕಾಲೇಜಿಗೆ ಬರುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ಮತ್ತು ನಾನು ವಿದ್ಯುತ್ತಾಗಲಿ ಗಣಕವಾಗಲಿ ಬೇಡದ ಒಂದು ಹಲಗೆಯನ್ನು ಮಾಡಿದೆವು. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಡುವೆ ಚೌಕವಾಗಿ ಕತ್ತರಿಸಿ, ನಾಲ್ಕು ಮೂಲೆ ಮತ್ತು ನಾಲ್ಕು ಬದಿಗಳ ನಡುವೆ, ಒಟ್ಟು ಎಂಟು ಸ್ಥಾನಗಳನ್ನು ಗುರುತಿಸಿದೆವು. ಐದು ಸ್ಥಾನಗಳಲ್ಲಿ ಐದು ವರ್ಗಗಳು. ಎರಡರಲ್ಲಿ ‘ಯ’ ಮೊದಲಾದ ಒಂಬತ್ತು ಅವರ್ಗೀಯ ವ್ಯಂಜನಗಳು. ಒಂದರಲ್ಲಿ ಅ, ಇ, ಉ, ಎ, ಒ, ಐ, ಔ, ಅಂ. ಹ್ರಸ್ವ ದೀರ್ಘಗಳ ಭೇದವನ್ನೂ ಒತ್ತನ್ನೂ ಓದುವವರು ಊಹಿಸಿಕೊಳ್ಳಬೇಕು. ಎಂಟು ಸ್ಥಾನಗಳಿಗೆ ಒಂದರಿಂದ ಎಂಟರವರೆಗೆ ಸಂಖ್ಯೆಗಳೂ ಇವೆ. ಹಾಳೆಯನ್ನು ಇಬ್ಬರ ಮುಖಗಳ ನಡುವೆ ಹಿಡಿಯಬೇಕು. ಮೊದಲ ನೋಟ ಗುಂಪನ್ನೂ ಎರಡನೆಯ ನೋಟ ಆ ಗುಂಪಿನಲ್ಲಿ ಎಷ್ಟನೆಯ ಅಕ್ಷರವೆಂಬುದನ್ನೂ ಹೇಳುತ್ತದೆ. ಇಲ್ಲಿ ಕ್ಯಾಮರಾದ ಕೆಲಸವನ್ನು ಎದುರಿಗೆ ಕುಳಿತವರ ಕಣ್ಣೇ ಮಾಡುತ್ತದೆ.

ಉಪಾಧ್ಯಾಯರಿಗೆ ಇದನ್ನು ಒಮ್ಮೆ ವಿವರಿಸಿದರೆ ಸಾಕಾಯಿತು. ಅವರ ನೋಟ ತ-ವರ್ಗಕ್ಕೆ ಹೋಗಿ, ಮೂರನೆಯ ಸ್ಥಾನಕ್ಕೆ ತಿರುಗಿತು: ‘ದ’. ಸ್ವರಗಳ ಗುಂಪು, ಎರಡು: ‘ಇ’. ಪ-ವರ್ಗ, ಒಂದು: ‘ಪ’. ಆರು ನೋಟಗಳಲ್ಲಿ ‘ದೀಪ’ ಎಂದಾಗಿತ್ತು. ಮಗಳು ತಲೆ ಎತ್ತಿ ನೋಡಿದಳು. ಮಂಚದ ನೇರ ಮೇಲೆ ಕೊಳವೆ ದೀಪ ಉರಿಯುತ್ತಿತ್ತು. ತಂದೆಗೆ ಕತ್ತಲಲ್ಲಿ ದಿಗಿಲಾದೀತೆಂದು ಮನೆಯವರು ಅದನ್ನು ತಿಂಗಳುಗಟ್ಟಲೆ ರಾತ್ರಿಯೆಲ್ಲ ಆರಿಸದೆ ಬಿಟ್ಟಿದ್ದರು. ಮಗ್ಗುಲಿಗೆ ಹೊರಳಲಾರದ ಆ ಮನುಷ್ಯನಿಗೆ ಅದರಿಂದ ಮುಖ ತಿರುಗಿಸುವುದೂ ಸಾಧ್ಯವಿರಲಿಲ್ಲ. ಅಂದಿನ ರಾತ್ರಿಯಿಂದ ದೀಪ ಆರಿತು. ಕೊನೆಯ ತನಕ ತಂದೆ ಮಗಳು ಆ ಹಾಳೆಯ ಮೂಲಕವೇ ಮಾತನಾಡಿಕೊಂಡರು.

ವಿಕಲಾಂಗರ ಹಕ್ಕುಗಳ 2016ರ ಕಾನೂನು ‘ಸಂವಹನ’ ಎಂಬ ಮಾತಿನ ಅರ್ಥದಲ್ಲಿ ಇಂಥ ಪರ್ಯಾಯ ವಿಧಾನಗಳನ್ನೂ ಸೇರಿಸಿದೆ. ಮಾತು ನಿಂತವರ ಮನಸ್ಸೂ ನಿಂತಿತೆಂದು ತಿಳಿಯುವ ತಪ್ಪನ್ನು ಮಾತ್ರ ಕಾನೂನು ತಿದ್ದಲಾರದು. ಅದನ್ನು ನಾವೇ ತಿದ್ದಿಕೊಳ್ಳಬೇಕು. ವಿದ್ಯಾರ್ಥಿಗಳು ಈ ಹಾಳೆಯನ್ನು ಒಂದು ಮಧ್ಯಾಹ್ನದಲ್ಲಿ ತಯಾರಿಸಬಹುದು. ಅವಗೆಂಪು ದೀಪಗಳನ್ನು ಮಾತ್ರ ಕಣ್ಣಿಗೆ ಹಿಡಿದು ಪ್ರಯೋಗಿಸಕೂಡದು. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ. ಮೊದಲು ಗೆಳೆಯರಿಬ್ಬರು ಎದುರುಬದಿರಾಗಿ ಕುಳಿತು, ತುಟಿ ಬಿಚ್ಚದೆ, ತಮ್ಮ ಹೆಸರನ್ನು ನೋಟದಿಂದ ಬರೆದು ನೋಡಿರಿ. ಆಮೇಲೆ ನಿಮ್ಮ ಬೀದಿಯಲ್ಲಿ ಆ ಹಾಳೆ ಬೇಕಾದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿರಿ.