ಶೇಕಡಾ ಲೆಕ್ಕದ ಹಿಂದೆ ಏನಿದೆ?

ಮಣಿಪಾಲದಲ್ಲಿ 1953ರಲ್ಲಿ ಆರಂಭವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಹೆಸರನ್ನು ನೀವು ಕೇಳಿರುತ್ತೀರಿ. ವೈದ್ಯರಾಗುವವರು ಶರೀರಶಾಸ್ತ್ರ, ಔಷಧಶಾಸ್ತ್ರಗಳ ಜೊತೆಗೆ ಸಂಖ್ಯಾಶಾಸ್ತ್ರವನ್ನೂ ಕಲಿಯುತ್ತಾರೆ. ಅದೇಕೆ ಎನ್ನುವಿರಾ? ನಮ್ಮ ಮಲೆನಾಡಿನ ಒಂದು ಉದಾಹರಣೆಯನ್ನೇ ನೋಡೋಣ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗುಗಳ ಕಡಿತದಿಂದ ಹರಡುತ್ತದೆ. ಇದಕ್ಕೆ ಬಹುಕಾಲ ಒಂದು ಲಸಿಕೆ ಬಳಕೆಯಲ್ಲಿತ್ತು. ಕರ್ನಾಟಕದ 2005ರಿಂದ 2010ರವರೆಗಿನ ಅಂಕಿ-ಅಂಶಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಎರಡು ಬಾರಿ ಲಸಿಕೆ ಪಡೆದವರಲ್ಲಿ ಅದರ ಪರಿಣಾಮ ಶೇ. 62.4 ಎಂದು ಅದು ತಿಳಿಸಿತು.

ಹಾಗಾದರೆ ಲಸಿಕೆ ಪಡೆದ 100 ಮಂದಿಯಲ್ಲಿ 38 ಮಂದಿಗೆ ರೋಗ ಬಂತೆಂದು ಅರ್ಥವೇ? ಅಲ್ಲ. ಲಸಿಕೆ ಪಡೆಯದ 1,000 ಮಂದಿಯಲ್ಲಿ 10 ಮಂದಿಗೆ ರೋಗ ಬಂತೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಆಗ ಲಸಿಕೆ ಪಡೆದ 1,000 ಮಂದಿಯಲ್ಲಿ ಸುಮಾರು 4 ಮಂದಿಗೆ ಬರುತ್ತದೆ. ಹತ್ತು ನಾಲ್ಕಕ್ಕೆ ಇಳಿಯಿತು ಎಂಬುದೇ ಶೇ. 62ರ ಅರ್ಥ. ಸಾವಿರ ಮಂದಿಯಲ್ಲಿ 6 ಮಂದಿ ಪಾರಾದರು ಎಂದರೂ ಅದೇ ನಿಜ. ಆದರೆ ಕಿವಿಗೆ ಬೇರೆಯಾಗಿ ಕೇಳಿಸುತ್ತದೆ. ಆದ್ದರಿಂದ ಮೊದಲ ಪ್ರಶ್ನೆ: ಎಷ್ಟು ಜನರಲ್ಲಿ?

ಎರಡನೆಯ ಪ್ರಶ್ನೆ: ಎಷ್ಟು ಖಚಿತ? ನಾಣ್ಯವನ್ನು 10 ಸಲ ಚಿಮ್ಮಿದಾಗ 7 ಸಲ ಒಂದೇ ಮುಖ ಬಂದರೆ ಅಚ್ಚರಿಯಿಲ್ಲ. 1,000 ಸಲದಲ್ಲಿ 700 ಸಲ ಬಂದರೆ ನಾಣ್ಯವನ್ನೇ ಸಂಶಯಿಸಬೇಕು. ಹೀಗೆ ಆಕಸ್ಮಿಕಕ್ಕೂ ಜಾಗ ಬಿಟ್ಟು ಆ ಅಧ್ಯಯನವೇ ಕೊಟ್ಟ ವ್ಯಾಪ್ತಿ ಶೇ. 26.1ರಿಂದ 80.8. ಎಂದರೆ ನಮ್ಮ ಲೆಕ್ಕದ 4 ಮಂದಿ 2 ಆಗಿರಬಹುದು, 7 ಕೂಡ ಆಗಿರಬಹುದು!

ಮೂರನೆಯ ಪ್ರಶ್ನೆ: ಯಾರನ್ನು ಯಾರೊಂದಿಗೆ ಹೋಲಿಸಲಾಗಿದೆ? ಆಸ್ಥೆಯಿಂದ ಲಸಿಕೆ ಹಾಕಿಸಿಕೊಂಡವರು ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಮೈಗೆ ಎಣ್ಣೆಯನ್ನೂ ಹಚ್ಚಿಕೊಂಡಿರಬಹುದು. ಆಗ ಅವರನ್ನು ಕಾಪಾಡಿದ್ದು ಲಸಿಕೆಯೋ, ಎಣ್ಣೆಯೋ?

ಇದು ಬರೀ ಲೆಕ್ಕದ ಮಾತಲ್ಲ. ಕಾರ್ಕಳದ ಕಡೆ ಘಟ್ಟದ ತಪ್ಪಲಿನಲ್ಲಿ ಸೌದೆ ತರುವವರೊಬ್ಬರು ಜ್ವರವೆಂದು ಬಂದರೆನ್ನಿ. ‘ಲಸಿಕೆ ಆಗಿದೆಯಲ್ಲ, ಮಂಗನ ಕಾಯಿಲೆ ಇರಲಾರದು’ ಎಂದು ವೈದ್ಯರು ಭಾವಿಸಿದ್ದರೆ, ರಕ್ತಪರೀಕ್ಷೆಯೇ ತಪ್ಪಿಹೋಗಿ ಪ್ರಾಣಕ್ಕೆ ಸಂಚಕಾರ ಬರಬಹುದಿತ್ತು. ಮುಂದೆ 2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಲಾಯಿತು.

ನೀವು ಉಡುಪಿಯವರಿರಲಿ, ಕಾಪುವಿನವರಿರಲಿ, ಔಷಧಿಯೊಂದು ‘ರೋಗವನ್ನು ಅರ್ಧಕ್ಕಿಳಿಸಿತು’ ಎಂಬ ಸುದ್ದಿ ಕಂಡಾಗ ಈ ಮೂರು ಪ್ರಶ್ನೆಗಳನ್ನು ಕೇಳಿನೋಡಿ. ಒಳ್ಳೆಯ ವೈದ್ಯರು ಮಾಡುವುದೂ ಇದನ್ನೇ.