ಠಕ್ಕನ ಮೂರು ಜನ್ಮಗಳು: ಸಾಹಸ ಚಲನಚಿತ್ರ, ಸಿದ್ಧಮಾದರಿ ಮತ್ತು ರಾಜಕೀಯ ಔಚಿತ್ಯ

ಅಪರಿಚಿತ ನಾಡೊಂದನ್ನು ಎರಡು ಗಂಟೆಗಳೊಳಗೆ ಪರಿಚಯಿಸಿ, ಅಲ್ಲಿ ಅಪಾಯವನ್ನು ಹುಟ್ಟಿಸಿ, ನಾಯಕನನ್ನು ಸುರಕ್ಷಿತವಾಗಿ ಹೊರತರಬೇಕಾದ ಪ್ರಕಾರವೇ ಸಾಹಸ ಚಲನಚಿತ್ರ. ವಿವರಿಸಲು ಅದಕ್ಕೆ ವ್ಯವಧಾನವಿಲ್ಲ. ಆದುದರಿಂದ ಪ್ರೇಕ್ಷಕನ ಮನಸ್ಸಿನಲ್ಲಿ ಮೊದಲೇ ಬೇರೂರಿರುವ ಚಿತ್ರಗಳನ್ನೇ ಅದು ಎರವಲು ಪಡೆಯುತ್ತದೆ: ಕ್ರೂರ ಪೂಜಾರಿ, ಅಸಹಾಯಕ ಹಳ್ಳಿಗ, ವಿಲಾಸಿ ಅರಸ. ಹೀಗೆ ಸಿದ್ಧಮಾದರಿಯು ಈ ಪ್ರಕಾರಕ್ಕೆ ಹೊರಗಿನಿಂದ ಅಂಟಿಕೊಂಡ ದೋಷವಷ್ಟೇ ಅಲ್ಲ, ಅದರ ಕಥನದ ಮಿತವ್ಯಯವೂ ಹೌದು. ರಾಜಕೀಯ ಔಚಿತ್ಯದ ಹೆಸರಿನಲ್ಲಿ ಇಂದು ನಡೆಯುತ್ತಿರುವ ತಿದ್ದುಪಡಿಗಳು ನಿಜವಾಗಿ ಏನನ್ನು ತಿದ್ದುತ್ತಿವೆ ಎಂಬ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ, ಒಂದು ಸಿದ್ಧಮಾದರಿಯ ವಂಶಾವಳಿಯನ್ನು ಬುಡದಿಂದ ಪರಿಶೀಲಿಸಬೇಕಾಗುತ್ತದೆ. ಅದಕ್ಕೆ 'ಠಕ್ಕ'ನಿಗಿಂತ ತಕ್ಕ ಉದಾಹರಣೆ ಬೇರಿಲ್ಲ.

ಸ್ಟೀವನ್ ಸ್ಪಿಲ್‌ಬರ್ಗ್ ನಿರ್ದೇಶನದ 'ಇಂಡಿಯಾನಾ ಜೋನ್ಸ್ ಅಂಡ್ ದ ಟೆಂಪಲ್ ಆಫ್ ಡೂಮ್' 1984ರಲ್ಲಿ ತೆರೆಕಂಡಿತು. ಕಥೆ ನಡೆಯುವುದು 1935ರ ಭಾರತದಲ್ಲಿ. ಪಂಕೋಟ್ ಎಂಬ ಕಲ್ಪಿತ ಅರಮನೆಯ ನೆಲಮಾಳಿಗೆಯಲ್ಲಿ ಕಾಳಿಯ ಆರಾಧಕರಾದ ಠಕ್ಕರು ನರಬಲಿ ಕೊಡುತ್ತಾರೆ, ಮಕ್ಕಳನ್ನು ಗಣಿಯಲ್ಲಿ ದುಡಿಸುತ್ತಾರೆ. ಅರಮನೆಯ ಔತಣದಲ್ಲಿ ಜೀರುಂಡೆ, ಕಣ್ಣುಗುಡ್ಡೆಯ ಸಾರು, ಕೋತಿಯ ಮಿದುಳು ಬಡಿಸಲ್ಪಡುತ್ತವೆ. ಕೊನೆಗೆ ಬ್ರಿಟಿಷ್ ಅಧಿಕಾರಿಯ ನೇತೃತ್ವದ ಪಡೆ ಬಂದು ನಾಯಕನಿಗೆ ನೆರವಾಗುತ್ತದೆ. ಚಿತ್ರಕಥೆಯನ್ನು ಆಕ್ಷೇಪಿಸಿದ ಭಾರತ ಸರ್ಕಾರವು ಚಿತ್ರೀಕರಣಕ್ಕೆ ಅನುಮತಿ ನೀಡಲಿಲ್ಲ. ಹೊರಾಂಗಣ ದೃಶ್ಯಗಳನ್ನು ಶ್ರೀಲಂಕಾದ ಕ್ಯಾಂಡಿಯ ಸುತ್ತಮುತ್ತ ಚಿತ್ರೀಕರಿಸಲಾಯಿತು. ಭಾರತದಲ್ಲಿ ಚಿತ್ರವು ಕೆಲಕಾಲ ನಿಷೇಧಕ್ಕೂ ಒಳಗಾಯಿತು.

ಪ್ರಧಾನ ಅರ್ಚಕ ಮೋಲಾ ರಾಮನ ಪಾತ್ರ ವಹಿಸಿದ ಅಮರೀಶ್ ಪುರಿ ತಮ್ಮ ಆತ್ಮಕಥೆಯಲ್ಲಿ ಚಿತ್ರವನ್ನು ಸಮರ್ಥಿಸಿಕೊಂಡಿದ್ದಾರೆ. ಭಾರತದಲ್ಲಿ ಹಿಂದೆ ಇದ್ದ ಒಂದು ಪಂಥವನ್ನು ಇಲ್ಲಿ ಭ್ರಮಾಕಥೆಯ ರೀತಿಯಲ್ಲಿ ಮರುಸೃಷ್ಟಿಸಲಾಗಿದೆ ಎಂಬುದು ಅವರ ವಾದದ ಸಾರ. ಈ ಸಮರ್ಥನೆಯನ್ನು ಗಂಭೀರವಾಗಿ ಪರಿಗಣಿಸಬೇಕು. ಏಕೆಂದರೆ ಸಿದ್ಧಮಾದರಿಯ ನಿಜವಾದ ಗೆಲುವು ಇರುವುದು ಅದನ್ನು ರೂಪಿಸಿದವರ ನಂಬಿಕೆಯಲ್ಲಲ್ಲ, ಯಾರನ್ನು ಕುರಿತು ರೂಪಿಸಲಾಯಿತೋ ಅವರೂ ಅದನ್ನು ಚರಿತ್ರೆಯೆಂದು ಒಪ್ಪಿಕೊಳ್ಳುವುದರಲ್ಲಿ. ಹಾಗಾದರೆ ಆ 'ಪಂಥ' ಎಲ್ಲಿಂದ ಬಂದಿತು?

ಅದರ ಮೊದಲ ಜನ್ಮ ಕಡತಗಳಲ್ಲಿ. ದಾರಿಹೋಕರ ಸ್ನೇಹ ಗಳಿಸಿ, ಕುತ್ತಿಗೆಗೆ ಉರುಳು ಬಿಗಿದು ಕೊಂದು ದೋಚುವ ಗುಂಪುಗಳನ್ನು ಕುರಿತು ಮದ್ರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 1816ರಲ್ಲಿ ಒಂದು ಲೇಖನ ಬರೆದನು. ದಕ್ಷಿಣದಲ್ಲಿ ಇವರನ್ನು 'ಫಾಂಸಿಗಾರ'ರೆಂದು ಕರೆಯಲಾಗುತ್ತಿತ್ತು. ಇವರಿಗೆ ದ್ರಾವಿಡ ಭಾಷೆಗಳಲ್ಲಿದ್ದ ಹೆಸರುಗಳನ್ನೂ ಆತ ದಾಖಲಿಸಿದ್ದಾನೆ. ಆತ ಕೊಡುವ ಕನ್ನಡ ಹೆಸರು 'ತಂತಿ ಕಳ್ಳರು'. ಈ ಹೆಸರಿನಲ್ಲಿ ದೇವತೆಯಿಲ್ಲ, ಮತವಿಲ್ಲ, ಕುಲವಿಲ್ಲ. ಇರುವುದು ಕೃತ್ಯದ ಸಾಧನ ಮಾತ್ರ. ತಮಿಳು ಹೆಸರಾದರೋ ಮುಸಲ್ಮಾನರನ್ನೇ ಗುರುತಿಸುವಂಥದು. ಆದ್ದರಿಂದ ದೇಶಭಾಷೆಗಳೆಲ್ಲ ನಿರ್ದೋಷಿಗಳು, ಪೂರ್ವಗ್ರಹವೆಲ್ಲ ಇಂಗ್ಲಿಷಿನದು ಎಂಬ ಸರಳ ತೀರ್ಮಾನಕ್ಕೆ ಇಲ್ಲಿ ಅವಕಾಶವಿಲ್ಲ.

1830ರ ದಶಕದಲ್ಲಿ ವಿಲಿಯಂ ಸ್ಲೀಮನ್ ನಡೆಸಿದ ಕಾರ್ಯಾಚರಣೆಯು ಈ ಚದುರಿದ ಮಾಹಿತಿಗೆ ಅಖಿಲ ಭಾರತ ವ್ಯಾಪ್ತಿಯ ಒಂದು ರಹಸ್ಯ ಪಂಥದ ರೂಪ ನೀಡಿತು. ಅವನ ಮುಖ್ಯ ಆಧಾರ ಮಾಫಿ ಸಾಕ್ಷಿಗಳು, ಎಂದರೆ ತಮ್ಮ ಪ್ರಾಣ ಉಳಿಸಿಕೊಳ್ಳಲು ಜೊತೆಗಾರರ ವಿರುದ್ಧ ನುಡಿದ ಬಂದಿಗಳು. 1836ರಲ್ಲಿ ಅವನು ಪ್ರಕಟಿಸಿದ 'ರಾಮಸೀಯಾನ' ಠಕ್ಕರ ಗುಪ್ತಭಾಷೆಯ ಪದಕೋಶವೆಂಬುದು ಭಾಷಾ ಸಂಶೋಧಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ವೃತ್ತಿಯ ಸಂಕೇತಪದಗಳು ಎಷ್ಟೋ ಕಸುಬುಗಳಲ್ಲಿ ಇರುತ್ತವೆ. ದಲ್ಲಾಳಿಗಳಿಗೂ ಉಂಟು, ಕಂಚುಗಾರರಿಗೂ ಉಂಟು. ಆದರೆ ಅದನ್ನು ಕೋಶವಾಗಿ ಸಂಕಲಿಸಿದಾಗ, ಆ ಪದಗಳನ್ನು ಬಲ್ಲವರೆಲ್ಲ ಒಂದೇ ಬುಡಕಟ್ಟಿನವರೆಂಬ ಭಾವನೆ ಉಂಟಾಗುತ್ತದೆ. ಅದೇ ವರ್ಷ ಜಾರಿಯಾದ ಕಾಯಿದೆಯ ಪ್ರಕಾರ, ನಿರ್ದಿಷ್ಟ ಕೊಲೆಯೊಂದನ್ನು ಸಾಬೀತುಪಡಿಸಬೇಕಾದ ಅಗತ್ಯವಿಲ್ಲದೆ, ಠಕ್ಕರ ಗುಂಪಿಗೆ ಸೇರಿದವನೆಂಬ ಕಾರಣಕ್ಕೇ ಜೀವಾವಧಿ ಶಿಕ್ಷೆ ವಿಧಿಸಬಹುದಾಗಿತ್ತು. ದಾರಿಕೊಲೆಗಳು ನಡೆದದ್ದು ನಿಜ; ಕಿಮ್ ವ್ಯಾಗ್ನರ್ ಮೊದಲಾದ ಇತಿಹಾಸಕಾರರು ಅದನ್ನು ಅಲ್ಲಗಳೆಯುವುದಿಲ್ಲ. ಚರ್ಚೆ ಇರುವುದು ಆ ಕೊಲೆಗಳನ್ನು ಧರ್ಮವೆಂದೂ ವಂಶಪಾರಂಪರ್ಯವೆಂದೂ ಓದಿದ ಬಗೆಯನ್ನು ಕುರಿತು.

ಎರಡನೆಯ ಜನ್ಮ ಕಾದಂಬರಿಯಲ್ಲಿ. ಫಿಲಿಪ್ ಮೆಡೋಸ್ ಟೇಲರನ 'ಕನ್ಫೆಶನ್ಸ್ ಆಫ್ ಎ ಥಗ್' 1839ರಲ್ಲಿ ಪ್ರಕಟವಾಗಿ ಇಂಗ್ಲೆಂಡಿನಲ್ಲಿ ಅಪಾರ ಜನಪ್ರಿಯತೆ ಗಳಿಸಿತು. ನಿಜಾಮನ ಸೇವೆಯಲ್ಲಿದ್ದ ಟೇಲರನು ಮುಂದೆ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡನು. ಅನಂತರ ಸೊಲ್ಲಾಪುರಕ್ಕೆ ಸಮೀಪದ ನಳದುರ್ಗದಲ್ಲಿ ಅಧಿಕಾರಿಯಾಗಿದ್ದನು. ಸುರಪುರದ ಟೇಲರ್ ಮಂಜಿಲ್ ಇಂದಿಗೂ ಅವನ ಹೆಸರನ್ನು ಉಳಿಸಿಕೊಂಡಿದೆ. ಅವನು ಜನದ್ವೇಷಿಯಾಗಿರಲಿಲ್ಲ, ಆ ಸೀಮೆಯ ನೆನಪಿನಲ್ಲಿ ಅವನಿಗೆ ಗೌರವದ ಸ್ಥಾನವೇ ಇದೆ. ಸಿದ್ಧಮಾದರಿಗಳು ದ್ವೇಷದಿಂದಲೇ ಹುಟ್ಟಬೇಕೆಂದಿಲ್ಲ ಎಂಬುದಕ್ಕೆ ಅವನೇ ನಿದರ್ಶನ. ಅವನ ಕಥಾನಾಯಕ ಅಮೀರ್ ಅಲಿ ಮುಸಲ್ಮಾನ, ಸುಸಂಸ್ಕೃತ, ಮಾತುಗಾರ. ಇಡೀ ಕಾದಂಬರಿ ಅವನ ಬಾಯಿಂದಲೇ ಹೊರಡುತ್ತದೆ. ಕೇಳುವವನು ಸಾಹೇಬನಾದರೂ ಹೇಳುವವನು ಠಕ್ಕನೇ.

ಮೂರನೆಯ ಜನ್ಮದಲ್ಲಿ, ಎಂದರೆ ತೆರೆಯ ಮೇಲೆ, ಈ ಮಾತು ಕಳೆದುಹೋಗುತ್ತದೆ. ಜಾರ್ಜ್ ಸ್ಟೀವನ್ಸ್ ನಿರ್ದೇಶಿಸಿದ 'ಗುಂಗಾ ದಿನ್' (1939) ಚಿತ್ರದಲ್ಲಿ ಠಕ್ಕರು ಕಾಳಿಯ ಮಂದಿರದ ಮತಾಂಧರಾದರು. ಭಾರತದ ಗಡಿಪ್ರದೇಶವಾಗಿ ಕಂಡದ್ದು ಕ್ಯಾಲಿಫೋರ್ನಿಯಾದ ಬೆಟ್ಟಗಳು, ನೀರು ಹೊರುವ ಗುಂಗಾ ದಿನ್ ಆದದ್ದು ಮೈಗೆ ಕಂದು ಬಣ್ಣ ಬಳಿದುಕೊಂಡ ಅಮೆರಿಕನ್ ನಟ ಸ್ಯಾಮ್ ಜಾಫೆ. 1984ರ ಚಿತ್ರವು ಇದರ ನೇರ ವಾರಸುದಾರ. ಕಂಪನಿ ಕಡತಗಳಲ್ಲಿಯ ಠಕ್ಕನು ಉರುಳು ಹಾಕಿ ಕೊಲ್ಲುತ್ತಾನೆ. ಮೋಲಾ ರಾಮನು ಜೀವಂತ ಮನುಷ್ಯನ ಎದೆಯಿಂದ ಹೃದಯ ಕೀಳುತ್ತಾನೆ. ಇದು ಪ್ರಾಚೀನ ಮೆಕ್ಸಿಕೋದ ಬಲಿಯ ಕಲ್ಪನೆ. ಬಾಲ ಮಹಾರಾಜನು ಸೂಜಿ ಚುಚ್ಚುವ ಬೊಂಬೆ ಕೆರಿಬಿಯನ್ ವೂಡೂ ಕಥೆಗಳದು. ಹೀಗೆ ಮೂರು ಪ್ರದೇಶಗಳ ಭೀತಿಗಳನ್ನು ಒಂದೇ ದೇವತೆಯ ಹೆಸರಿನಡಿ ಕಲೆಸಿದ್ದನ್ನು 'ಹಿಂದೆ ಇದ್ದ ಪಂಥ'ವೆನ್ನುವುದು ಕಷ್ಟ.

ಇದನ್ನು ಕೇವಲ ಮನರಂಜನೆಯೆಂದು ಬಿಟ್ಟುಬಿಡಬಾರದೇಕೆ ಎಂಬ ಪ್ರಶ್ನೆಗೆ ಉತ್ತರ ಗಡಿನಾಡಿನಲ್ಲಿಯೇ ಇದೆ. ಹುಟ್ಟಿನಿಂದಲೇ ಅಪರಾಧಿಯೆಂಬ ಕಲ್ಪನೆಯು ಠಕ್ಕರ ವಿರುದ್ಧದ ಕಾರ್ಯಾಚರಣೆಯಲ್ಲಿ ರೂಢಿಗೊಂಡು, 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿ ಶಾಶ್ವತ ರೂಪ ಪಡೆಯಿತು. ಸೊಲ್ಲಾಪುರದಲ್ಲಿ, ಹುಬ್ಬಳ್ಳಿಯಲ್ಲಿ ಅಂಥ ಸಮುದಾಯಗಳನ್ನು ಕೂಡಿಹಾಕಿದ ವಸತಿಗಳಿದ್ದವು. ಹುಬ್ಬಳ್ಳಿಯ 'ಸೆಟ್ಲಮೆಂಟ್' ಎಂಬ ಬಡಾವಣೆಯ ಹೆಸರು ಆ ಇತಿಹಾಸವನ್ನು ಈಗಲೂ ಹೊತ್ತಿದೆ. ಕಾಯಿದೆ 1952ರಲ್ಲಿ ರದ್ದಾದರೂ ಕಳಂಕ ರದ್ದಾಗಲಿಲ್ಲ. ತೆರೆಯ ಮೇಲಿನ ಠಕ್ಕನನ್ನು ಸುಲಭವಾಗಿ ನಂಬುವ ಮನಸ್ಸಿಗೂ, ಕಳವಾದೊಡನೆ ನಿರ್ದಿಷ್ಟ ಕೇರಿಯತ್ತ ನೋಡುವ ಕಣ್ಣಿಗೂ ನಂಟಿದೆ.

ಈಗ ತಿದ್ದುಪಡಿಯ ವಿಷಯ. ರಾಜಕೀಯ ಔಚಿತ್ಯವು ಇತ್ತೀಚಿನ ಅಮೆರಿಕನ್ ಗೀಳು ಎಂಬ ಆಕ್ಷೇಪವುಂಟು. ಆದರೆ 'ದ ಡ್ರಮ್' (1938) ಚಿತ್ರದ ವಿರುದ್ಧ ಬಾಂಬೆ, ಮದ್ರಾಸುಗಳಲ್ಲಿ ಪ್ರತಿಭಟನೆಗಳು ನಡೆದಿದ್ದವು; ಬಾಬೂರಾವ್ ಪಟೇಲರ 'ಫಿಲ್ಮ್‌ಇಂಡಿಯಾ' ಪತ್ರಿಕೆ ಇಂಥ ಚಿತ್ರಗಳ ವಿರುದ್ಧ ಸಮರವನ್ನೇ ಸಾರಿತ್ತು. ಆ ಚಿತ್ರದಲ್ಲಿ ವಾಯವ್ಯ ಗಡಿಯ ರಾಜಕುಮಾರನಾಗಿ ನಟಿಸಿದ ಸಾಬು, ವಯನಾಡಿನ ಗಡಿಗೆ ಸಮೀಪದ ಕಾರಾಪುರದಲ್ಲಿ ಹುಟ್ಟಿದ ಮೈಸೂರಿನ ಮಾವುತನ ಮಗ. ಅನಂತರ ಆತನೇ ಬಾಗ್ದಾದಿನ ಕಳ್ಳನೂ ಮೌಗ್ಲಿಯೂ ಆದನು. ಪೂರ್ವದೇಶದವನೊಬ್ಬ ಪೂರ್ವದ ಯಾರು ಬೇಕಾದರೂ ಆಗಬಹುದೆಂಬುದು ಆ ಉದ್ಯಮದ ತರ್ಕವಾಗಿತ್ತು.

ಇಂದಿನ ತಿದ್ದುಪಡಿಗಳಲ್ಲಿ ಮೂರು ಬಗೆಗಳಿವೆ. ಒಂದು, ಅಳಿಸುವುದು: 'ಅಲ್ಲಾದೀನ್' (1992) ಚಿತ್ರದ ಹಾಡಿನ ಒಂದು ಸಾಲನ್ನು ಅರಬ್ ಅಮೆರಿಕನ್ನರ ವಿರೋಧದ ಬಳಿಕ 1993ರಲ್ಲಿ ಬದಲಿಸಲಾಯಿತು. ಎರಡು, ಎಚ್ಚರಿಸುವುದು: 2020ರಲ್ಲಿ ಡಿಸ್ನಿ ಸಂಸ್ಥೆ 'ಸ್ವಿಸ್ ಫ್ಯಾಮಿಲಿ ರಾಬಿನ್ಸನ್' (1960) ಮೊದಲಾದ ಹಳೆಯ ಚಿತ್ರಗಳನ್ನು ಕತ್ತರಿಸದೆ, ಅವುಗಳಿಗೆ ಮುನ್ಸೂಚನೆ ಸೇರಿಸಿತು. ಮೂರು, ವ್ಯಂಗ್ಯವಾಗಿಸುವುದು: 'ಜಂಗಲ್ ಕ್ರೂಸ್' (2021) ಚಿತ್ರದಲ್ಲಿ ದೋಣಿಯವರ ಮೇಲೆ ಎರಗುವ 'ಕಾಡುಜನ' ಹಣ ಪಡೆದು ನಟಿಸುತ್ತಿದ್ದವರೆಂದು ಬಯಲಾಗುತ್ತದೆ. ಈ ಮೂರರಲ್ಲಿ ಎರಡನೆಯದೇ ಪ್ರಾಮಾಣಿಕ. ಅದು ದಾಖಲೆಯನ್ನು ಉಳಿಸಿ ಓದನ್ನು ಬದಲಿಸುತ್ತದೆ. ಮೂರನೆಯದು ಚತುರವಾದರೂ, ನಗೆ ಮುಗಿದ ಮೇಲೆ ಆ ಜನ ಮತ್ತೆ ನಾಯಕನ ಕಥೆಗೆ ಹಿನ್ನೆಲೆಯೇ.

ಈ ಯಾವ ತಿದ್ದುಪಡಿಯೂ ಮುಟ್ಟದ ಪ್ರಶ್ನೆ ಭಾಷೆಯದು. 'ಟೆಂಪಲ್ ಆಫ್ ಡೂಮ್'ನ ಭಾರತೀಯ ಹಳ್ಳಿಗರು ಆಡುವುದು ಸಿಂಹಳವನ್ನು. ಚಿತ್ರೀಕರಣದ ಸ್ಥಳ ಬದಲಾದುದರಿಂದ ಹೀಗಾಯಿತು. ಆದರೆ ಅದು ಯಾರಿಗೂ ದೋಷವೆನಿಸಲಿಲ್ಲ, ಏಕೆಂದರೆ ಅಲ್ಲಿ ಸ್ಥಳೀಯರ ಮಾತು ಅರ್ಥವಾಗಬೇಕಾದ ನುಡಿಯಲ್ಲ, ಪರಿಸರದ ಸದ್ದು. ಭಾರತೀಯ ಚಿತ್ರಗಳೂ ಇದಕ್ಕೆ ಹೊರತಲ್ಲ. 'ಬಾಹುಬಲಿ'ಯ (2015) ಕಾಲಕೇಯರಿಗಾಗಿ ಮದನ್ ಕಾರ್ಕಿ 'ಕಿಲಿಕಿ' ಎಂಬ ಭಾಷೆಯನ್ನು ಪದಕೋಶ, ವ್ಯಾಕರಣಗಳೊಂದಿಗೆ ಸೃಷ್ಟಿಸಿದರು. ಭಾಷಿಕ ಶ್ರಮವಾಗಿ ಅದು ಗಮನಾರ್ಹ. ಆದರೆ ಕಡುಗಪ್ಪು ಮೈಬಣ್ಣ, ಅನಾಗರಿಕ ನಡತೆ, ನಾಲಿಗೆ ಲೊಟಗುಟ್ಟುವ ಮಾತು, ಇವೆಲ್ಲ ಒಟ್ಟಾಗಿ ಶತ್ರುವನ್ನು ಗುರುತಿಸುತ್ತವೆ. ಭಾಷೆಯೇ ಇಲ್ಲಿ ಅಪರಾಧದ ಲಕ್ಷಣ. 'ರಾಮಸೀಯಾನ'ದ ತರ್ಕ ಮತ್ತೆ ಕೆಲಸ ಮಾಡುತ್ತಿದೆ.

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಔಚಿತ್ಯವೆಂದರೆ ಕೃತಿಯ ಅಂಗಗಳಿಗೂ ರಸಕ್ಕೂ ಇರುವ ಹೊಂದಾಣಿಕೆ. ಆ ಅರ್ಥದಲ್ಲಿ ಮೋಲಾ ರಾಮನು ತನ್ನ ಚಿತ್ರಕ್ಕೆ ಉಚಿತನೇ. ಭಯಾನಕ, ಬೀಭತ್ಸಗಳನ್ನು ಅವನು ಸಮರ್ಥವಾಗಿ ಪೋಷಿಸುತ್ತಾನೆ. ರಾಜಕೀಯ ಔಚಿತ್ಯವು ಕೇಳುವುದು ಬೇರೊಂದನ್ನು: ಚಿತ್ರಕ್ಕೂ ಚಿತ್ರಿತರಿಗೂ ಇರುವ ಸಂಬಂಧವನ್ನು. ಬಣ್ಣ, ಉಡುಪು, ಪದಗಳನ್ನು ಬದಲಿಸಿದ ಮಾತ್ರಕ್ಕೆ ಆ ಸಂಬಂಧ ಬದಲಾಗದು. ಚಿತ್ರಿತರ ಮಾತು ಅರ್ಥವುಳ್ಳ ಮಾತಾಗಿ ಕೇಳುತ್ತದೆಯೆ, ಕೃತ್ಯದ ಹೊಣೆ ಕೃತ್ಯವೆಸಗಿದವನಿಗೆ ಸಲ್ಲುತ್ತದೆಯೆ ಅಥವಾ ಅವನ ಕುಲಕ್ಕೆ ಸಲ್ಲುತ್ತದೆಯೆ ಎಂಬವು ಹೆಚ್ಚು ಉಪಯುಕ್ತವಾದ ಒರೆಗಲ್ಲುಗಳು. 'ತಂತಿ ಕಳ್ಳರು' ಎಂಬ ಹಳೆಯ ಕನ್ನಡ ಹೆಸರು ಎರಡನೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಅದರ ಅನಂತರ ಬಂದ ಕೋಶ, ಕಾಯಿದೆ, ಕಾದಂಬರಿ, ಚಲನಚಿತ್ರಗಳಲ್ಲಿ ಹೆಚ್ಚಿನವು ಆಗುವುದಿಲ್ಲ.